ಹುಲಿಯಂಥ ಗಂಡು, ಹಸುವಿನಂಥ ಗಂಡು

ಗಂಡಸಾಗಿ ಹುಟ್ಟಿದವನಿಗೆ ತಾನು ಎಂಥವನು ಎಂಬುದು ಮದುವೆಯ ಮಾತು ಶುರುವಾಗುವವರೆಗೂ ಗೊತ್ತಾಗುವುದಿಲ್ಲ. ಅಲ್ಲಿಯವರೆಗೆ ಅವನು ತಾನು ಬುದ್ಧಿವಂತ, ನೋಡಲು ಲಕ್ಷಣವಾಗಿದ್ದೇನೆ, ನಾಲ್ಕು ಜನ ತನ್ನ ಮಾತಿಗೆ ಬೆಲೆ ಕೊಡುತ್ತಾರೆ ಎಂದುಕೊಂಡು ಸುಖವಾಗಿ ಓಡಾಡಿಕೊಂಡಿರುತ್ತಾನೆ. ಹೆಣ್ಣಿನ ಕಡೆಯವರು ಊರಿಗೆ ಬಂದು "ಹುಡುಗ ಹೆಂಗೆ?" ಎಂದು ಒಂದು ಮಾತು ಕೇಳಿದರೋ, ಅವನ ಸುಖ ಅಲ್ಲಿಗೆ ಮುಗಿಯಿತು. ಊರು ಎಂದೋ ಅವನಿಗೆ ಒಂದು ಹೆಸರಿಟ್ಟು ಮುಗಿಸಿರುತ್ತದೆ. ಅವನೊಬ್ಬನಿಗೆ ಮಾತ್ರ ಅದನ್ನು ತಿಳಿಸಿರುವುದಿಲ್ಲ. ಅಪ್ಪ ಅಮ್ಮ ತೊಟ್ಟಿಲಲ್ಲಿ ಇಟ್ಟ ಹೆಸರು ಶಾಲೆಯ ಹಾಜರಿಗೆ, ಕಚೇರಿಯ ಕಾಗದಕ್ಕೆ. ಮದುವೆಗೆ ಬೇಕಾಗುವುದು ಊರು ಇಟ್ಟ ಹೆಸರು.

ನಮ್ಮ ಮಧುಗಿರಿ ಸೀಮೆಯಲ್ಲಿ, ನಾನು ಹರೆಯದವನಾಗಿದ್ದ ಕಾಲದಲ್ಲಿ, ಗಂಡಸರನ್ನು ವಿಂಗಡಿಸುವುದಕ್ಕೆ ಬಹಳ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಜೋರಾಗಿ ಮಾತಾಡುವವನು, ಎದುರಿಗೆ ಬಂದವರನ್ನು ಪಕ್ಕಕ್ಕೆ ಸರಿಸಿ ನಡೆಯುವವನು ಹುಲಿ. ಬೈದರೂ ನಗುವವನು, ಹೆಂಗಸರ ಮುಂದೆ ನೆಲ ನೋಡುವವನು ಹಸು. ಯಾರು ಏನು ಹೇಳಿದರೂ ಹೌದು ಹೌದು ಎಂದು ತಲೆಯಾಡಿಸುವವನು ಕೋಲೆಬಸವ. ಶಿರಾ ಪೇಟೆಗೆ ಹೋಗಿ ಅತ್ತರು ಹಚ್ಚಿಸಿಕೊಂಡು, ಕ್ರಾಪು ತೀಡಿಕೊಂಡು, ಎದೆಯ ಜೇಬಿನಿಂದ ರೇಷ್ಮೆ ಕರವಸ್ತ್ರ ಇಣುಕುವಂತೆ ಮಾಡಿಕೊಂಡು ಬರುವವನು ಶೋಕಿದಾರ. ಇವರೆಲ್ಲರನ್ನೂ ಬಿಟ್ಟು ಗಂಭೀರ ಎಂಬ ಒಂದು ಜಾತಿ ಇತ್ತು. ಅದಕ್ಕೆ ಎಲ್ಲಿಲ್ಲದ ಮರ್ಯಾದೆ. ಅವನು ಯಾರೊಂದಿಗೂ ಸೇರುವುದಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ದೂರದಲ್ಲಿ ಏನನ್ನೋ ನೋಡುತ್ತಾ ಕೂತಿರುತ್ತಾನೆ. ಕೊರಟಗೆರೆಯಲ್ಲಿ ನಮ್ಮ ನೆಂಟರೊಬ್ಬರು ಇಂಥ ಗಂಭೀರರು ಎಂದು ನಾಲ್ಕೂರಿಗೆ ಹೆಸರಾಗಿದ್ದರು. ಅವರ ಮನದ ಆಳ ಕಂಡವರಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ನಾನು ಅವರ ಮನೆಯಲ್ಲಿ ಒಂದು ವಾರ ಇದ್ದು ನೋಡಿದೆ. ಮುಂಜಾನೆಯಿಂದ ಸಂಜೆಯವರೆಗೆ ಅವರ ಬಾಯಿ ತುಂಬ ಎಲೆಅಡಿಕೆ ಇರುತ್ತಿತ್ತು. ಮಾತಾಡಿದರೆ ಅಂಗಿಯ ಮೇಲೆ ಬೀಳುತ್ತದೆ ಎಂದು ಸುಮ್ಮನಿರುತ್ತಿದ್ದರು, ಅಷ್ಟೇ!

ಒಮ್ಮೆ ಅಂಟಿದ ಹೆಸರು ಮತ್ತೆ ಬಿಡುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಹಸು ಎನಿಸಿಕೊಂಡಿದ್ದ ಒಬ್ಬ ಬಡಪಾಯಿ ತನ್ನ ಮನೆಗೆ ನುಗ್ಗಿದ ಕಳ್ಳನನ್ನು ಒಬ್ಬನೇ ಹಿಡಿದು ಕಂಬಕ್ಕೆ ಕಟ್ಟಿದ್ದ. ಬೆಳಗ್ಗೆ ಬಂದು ನೋಡಿದ ಜನ ಹುಲಿ ಎಂದರೇ? ಇಲ್ಲ. "ಪಾಪ, ಆ ಕಳ್ಳ ಇವ್ನಿಗಿಂತ ಸಾಧು ಇರ್ಬೇಕು ಕಣ್ಲಾ" ಎಂದು ಕಳ್ಳನಿಗೇ ಮರುಗಿ ಹೊರಟುಹೋದರು.

ಈ ಹೆಸರುಗಳನ್ನು ಹೆಣ್ಣಿನ ಕಡೆಯವರು ಸಂಗ್ರಹಿಸುವುದಕ್ಕೂ ಒಂದು ಪದ್ಧತಿ ಇತ್ತು. ಅವರು ಗಂಡಿನ ಮನೆಗೆ ನೇರವಾಗಿ ಬರುತ್ತಿರಲಿಲ್ಲ. ಗಂಡಿನ ಮನೆಯವರು ತಮ್ಮ ಹುಡುಗನನ್ನು ಹೊಗಳದೆ ಇನ್ನೇನು ಮಾಡುತ್ತಾರೆ? ಅದಕ್ಕೇ ಗಂಡಸರು ಸಂತೆಯ ದಿನ ಬಂದು ಕಾಫಿ ಕ್ಲಬ್ಬಿನಲ್ಲಿ ಕೂರುತ್ತಿದ್ದರು. ಗುರುತು ಸಿಗಬಾರದೆಂದು ಹೆಗಲ ವಸ್ತ್ರವಾದ ವಲ್ಲಿಯನ್ನು ತಲೆಯ ಮೇಲಿನಿಂದ ಹೊದ್ದು, ಮುಖ ಅರ್ಧ ಮುಚ್ಚಿಕೊಂಡು, ಪಕ್ಕದವನನ್ನು ಲೋಕಾಭಿರಾಮವಾಗಿ ಮಾತಿಗೆಳೆಯುತ್ತಿದ್ದರು. ಬಿರುಬಿಸಿಲಿನಲ್ಲಿ ತಲೆಗೆ ವಲ್ಲಿ ಹೊದ್ದು ಕಾಫಿ ಕುಡಿಯುವವನು ಕಂಡರೆ, ಇವನು ಯಾರಿಗೋ ಹೆಣ್ಣು ಕೊಡಲು ಬಂದಿದ್ದಾನೆ ಎಂದು ಇಡೀ ಪೇಟೆಗೆ ತಿಳಿಯುತ್ತಿತ್ತು. ಅದು ಬೇರೆ ಮಾತು. ಹೆಂಗಸರು ಸೇದುವ ಬಾವಿಯ ಕಟ್ಟೆಗೆ ಹೋಗಿ, ಬಾಯಾರಿಕೆ ಎಂದು ನೀರು ಕೇಳಿ, ಕುಡಿಯುತ್ತಾ ಕುಡಿಯುತ್ತಾ ವಿಚಾರಿಸುತ್ತಿದ್ದರು. ಕಾಫಿ ಕ್ಲಬ್ಬಿನ ಮಾತಿಗೂ ಬಾವಿಕಟ್ಟೆಯ ಮಾತಿಗೂ ತಾಳೆಯಾದರೆ ಗಂಡು ಗಟ್ಟಿ, ಇಲ್ಲದಿದ್ದರೆ ಏನೋ ಐಬಿದೆ ಎಂದು ಲೆಕ್ಕ.

ನಾನು ಆಗ ಮಧುಗಿರಿಯಲ್ಲಿ ಮೇಷ್ಟ್ರು. ಹೆಸರು ಮಹಾಲಿಂಗಪ್ಪ. ಅಪ್ಪ ತೀರಿಕೊಂಡಿದ್ದರು, ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಊರು ನನಗೆ ಇಟ್ಟಿದ್ದ ಹೆಸರು ಯಾವುದೆಂದು ಇಷ್ಟು ಹೊತ್ತಿಗೆ ನೀವು ಊಹಿಸಿರುತ್ತೀರಿ. ನನಗೆ ಮಾತ್ರ ಅದನ್ನು ನನ್ನ ಅವ್ವನೇ ಬಾಯಿಬಿಟ್ಟು ಹೇಳಬೇಕಾಯಿತು. "ಹೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ ಕಣ್ ಮಗ. ಊರೋರೆಲ್ಲ ನಿನ್ನ ಹಸ ಅಂತಾರೆ" ಎಂದು ಮುದ್ದೆ ತಿರುವುತ್ತಾ ಹೇಳಿದಳು. ನಾನು ತಿಂಗಳುಗಟ್ಟಲೆ ಬೆಳೆಸಿ ತಿದ್ದಿ ತೀಡಿದ್ದ ಮೀಸೆಯನ್ನು ಮುಟ್ಟಿ ನೋಡಿಕೊಂಡೆ. ಇಂಥ ಮೀಸೆ ಇಟ್ಟುಕೊಂಡವನನ್ನು ಹಸು ಎನ್ನುವುದು ಎಂಥ ನ್ಯಾಯ? ಕೋಪ ಬಂತು. ಕೋಪದಲ್ಲಿ ಏನು ಮಾಡಬೇಕೆಂದು ತೋಚದೆ ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಂಡೆ.

ಹಸುವಾಗಿಯೇ ಇದ್ದುಬಿಡುತ್ತಿದ್ದೆನೋ ಏನೋ, ಮಿಡಿಗೇಶಿಯ ಹೆಣ್ಣನ್ನು ನೋಡದೆ ಇದ್ದಿದ್ದರೆ. ಹುಡುಗಿಯ ಹೆಸರು ಗಿರಿಜೆ. ತಂದೆ ನಂಜುಂಡಪ್ಪನವರು ಹೊಲ ಮನೆ ಇದ್ದವರು. ಗಂಟಲು ಎಂಥದೆಂದರೆ ಅವರು ಜಗಲಿಯಲ್ಲಿ ಕೂತು ಆಳನ್ನು ಕೂಗಿದರೆ ಊರ ಬೆಟ್ಟದ ಕೋಟೆಯ ಮೇಲಿನ ಕೋತಿಗಳು ಜಾಗ ಬದಲಿಸುತ್ತಿದ್ದವು. ತಾಯಿಯಿಲ್ಲದ ಹುಡುಗಿಯನ್ನು ಸಾಕಿದವರು ನಂಜುಂಡಪ್ಪನವರ ಅಕ್ಕ, ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಸಿದ್ದಮ್ಮನವರು. ನಾನೂ ಅವ್ವನೂ ಹೆಣ್ಣು ನೋಡಲು ಹೋದೆವು. ಚಾಪೆಯ ಮೇಲೆ ಹುಡುಗಿ ತಲೆತಗ್ಗಿಸಿ ಕೂತಳು. "ನಾಲ್ಕಕ್ಷರ ಕಲ್ತವ್ಳೆ, ಏನಾರ ಕೇಳಿ ಮೇಷ್ಟ್ರೇ" ಎಂದರು ನಂಜುಂಡಪ್ಪನವರು. ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಬೇರೆ ಗಂಡುಗಳು ಕೇಳುತ್ತಾರೆ. ನನಗೆ ಗಾಬರಿಯಲ್ಲಿ ಶಾಲೆಯೇ ನೆನಪಾಗಿ, "ಹದಿನಾರರ ಮಗ್ಗಿ ಹೇಳು" ಎಂದುಬಿಟ್ಟೆ. ಅವ್ವ ಹಣೆ ಚಚ್ಚಿಕೊಂಡಳು. ಹುಡುಗಿ ಪಕ್ಕದಲ್ಲಿದ್ದ ಸೋದರತ್ತೆಯ ಕಡೆ ಬಾಗಿ, ನನಗೆ ಕೇಳಿಸುವಷ್ಟೇ ಮೆಲ್ಲಗೆ, "ಅತ್ತೆ, ತಪ್ಪೋದ್ರೆ ಬೆಂಚಿನ ಮೇಲೆ ನಿಲ್ಲುಸ್ತಾರಾ?" ಎಂದಳು. ಆಮೇಲೆ ತಲೆಯೆತ್ತಿ, ಎಲ್ಲೂ ತಡೆಯದೆ, ಹದಿನಾರರ ಮಗ್ಗಿಯನ್ನು ಮೇಲಿಂದ ಕೆಳಗೆ ಒಪ್ಪಿಸಿ, "ಕೆಳಗಿಂದ ಮೇಲಕ್ಕೂ ಬೇಕಾ?" ಎಂದು ನನ್ನನ್ನೇ ನೋಡಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಆ ಕಣ್ಣುಗಳು, ಆ ತುಂಟತನ! ಮದುವೆಯಾದರೆ ಇವಳನ್ನೇ, ಇಲ್ಲದಿದ್ದರೆ ಮಗ್ಗಿ ಪುಸ್ತಕ ಹಿಡಿದುಕೊಂಡು ಸನ್ಯಾಸಿಯಾಗುತ್ತೇನೆ ಎಂದು ಅಲ್ಲಿಯೇ ತೀರ್ಮಾನ ಮಾಡಿದೆ.

ನನ್ನ ತೀರ್ಮಾನ ಕಟ್ಟಿಕೊಂಡು ಯಾರಿಗೆ ಏನಾಗಬೇಕು? ಹೊರಡುವಾಗ ನಂಜುಂಡಪ್ಪನವರು ಅವ್ವನಿಗೆ ಖಡಾಖಂಡಿತವಾಗಿ ಹೇಳಿದರು: "ನೋಡಿ ತಾಯಿ, ನಂಗೆ ಹುಲಿಯಂತಾ ಅಳಿಯ ಬೇಕು. ದೊಡ್ಡ ಮಗಳ್ನ ಹಸಿನಂತೋನಿಗ್ ಕೊಟ್ಟು ಅನುಭೋಗುಸ್ತಾ ಇವ್ನಿ. ಅವನ ಅಣ್ಣತಮ್ಮದೀರು ಬದು ಒತ್ತರುಸ್ಕಂಡ್ರು, ಬಾವಿ ನೀರಿನ ಸರದಿ ಕಿತ್ಕಂಡ್ರು. ಇವ್ನು ಹೋಗ್ಲಿ ಬುಡಿ ಮಾವ ಅಂತಾನೆ! ಇನ್ನೊಂದ್ ಸಲ ಹೋಗ್ಲಿ ಬುಡಿ ಅನ್ನೋ ಅಳಿಯ ನಂಗ್ ಬ್ಯಾಡ. ಬರೋ ಸಂತೆಗೆ ನಿಮ್ಮೂರಿಗ್ ಬತ್ತೀನಿ, ವಿಚಾರುಸ್ತೀನಿ." ಅವ್ವ ನನ್ನ ಮುಖ ನೋಡಿದಳು. ನಾನು "ಹೋಗ್ಲಿ ಬಿಡವ್ವ" ಎನ್ನಲು ಬಾಯಿ ತೆರೆದು, ಪುಣ್ಯಕ್ಕೆ ಮುಚ್ಚಿಕೊಂಡೆ.

ಊರಿಗೆ ಬಂದವನು ನೇರವಾಗಿ ಓಬಳೇಶನ ರೂಮಿಗೆ ಹೋದೆ. ಓಬಳೇಶ ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರ, ಪಾವಗಡದ ಕಡೆಯವನು, ನನ್ನ ಹಾಗೆ ಇನ್ನೂ ಮದುವೆಯಾಗದವನು. ಉತ್ಸಾಹ ಬಂದರೆ ಅರ್ಧ ಕನ್ನಡ ಅರ್ಧ ತೆಲುಗು ಆಗಿಬಿಡುತ್ತಿದ್ದ. ನನ್ನ ಕಷ್ಟ ಕೇಳಿ ತೊಡೆ ತಟ್ಟಿಕೊಂಡು, "ಏಮಯ್ಯಾ ಮಾಲಿಂಗಪ್ಪಾ, ಹುಲಿ ಆಗೋದೇನು ಬ್ರಹ್ಮವಿದ್ಯೆನಾ? ಮೀಸೆ ಐತೆ, ಗಂಟಲೈತೆ. ಇನ್ನೇನ್ ಬೇಕು ನಾಯನಾ? ನನ್ ಕೈಗ್ ಬಿಡು" ಎಂದ. ಗಂಟಲು ಇದೆ ನಿಜ, ಅದರಿಂದ ಹೊರಡುವುದು ಏನೆಂದು ಅವನಿಗೆ ಗೊತ್ತಿರಲಿಲ್ಲ. ಮಾರನೆಯ ಸಂಜೆ ನನ್ನನ್ನು ಬೆಟ್ಟದ ಬುಡಕ್ಕೆ ಕರೆದೊಯ್ದು, ಒಂದು ಬಂಡೆಯ ಮುಂದೆ ನಿಲ್ಲಿಸಿ, "ಇದು ನಿನ್ ಜಾಗದಾಗೆ ಕೂತ್ಕಂಡೈತೆ ಅನ್ಕೋ. ಗದರಿಸಿ ಎಬ್ಬಿಸು" ಎಂದು ಅಪ್ಪಣೆ ಮಾಡಿದ. ನಾನು ಎದೆ ಉಬ್ಬಿಸಿ "ಏಳಯ್ಯಾ ಮೇಲೆ!" ಎಂದೆ. ಬಂಡೆ ಏಳಲಿಲ್ಲ. ಎದ್ದಿದ್ದರೆ ನಾನೇ ಕ್ಷಮೆ ಕೇಳುತ್ತಿದ್ದೆ. ಪಕ್ಕದಲ್ಲಿ ಮೇಯುತ್ತಿದ್ದ ಮೇಕೆಗಳು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು. ಅವುಗಳನ್ನು ಮೇಯಿಸುತ್ತಿದ್ದ ಅಜ್ಜಿ ಹತ್ತಿರ ಬಂದು, "ಯಾಕಪ್ಪಾ, ಏನಾರ ಕಳ್ಕಂಡಾ?" ಎಂದು ಮರುಕದಿಂದ ಕೇಳಿದಳು. ಆದರೂ ಓಬಳೇಶ ಬಿಡಲಿಲ್ಲ. ಸಂತೆ ಬರುವಷ್ಟರಲ್ಲಿ ನನ್ನ ಗದರಿಕೆ ಎಷ್ಟು ಸುಧಾರಿಸಿತ್ತೆಂದರೆ, ಮೇಕೆಗಳು ಮೇಯುವುದನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತಿದ್ದವು.

ಓಬಳೇಶನ ಯೋಜನೆ ಹೀಗಿತ್ತು. ನಂಜುಂಡಪ್ಪನವರು ಕಾಫಿ ಕ್ಲಬ್ಬಿಗೆ ಬಂದು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರುತ್ತಾರೆ, ಬೇರೂರಿನವರೆಲ್ಲ ಅಲ್ಲಿಯೇ ಕೂರುವುದು. ಮೂಲೆಯ ಬೆಂಚಿನಲ್ಲಿ ಓಬಳೇಶನ ಪರಿಚಯದ ಒಬ್ಬ ಗಾಡಿಯವನು ತಲೆಗೆ ವಲ್ಲಿ ಹೊದ್ದು ಕೂತಿರುತ್ತಾನೆ. ನಾನು ಬಿರುಗಾಳಿಯಂತೆ ಒಳಗೆ ನುಗ್ಗಿ, ಅದು ನನ್ನ ಖಾಯಂ ಜಾಗ ಎಂಬಂತೆ ಅವನನ್ನು ಗದರಬೇಕು. ಅವನು ನಡುಗುತ್ತಾ ಎದ್ದು ಹೋಗಬೇಕು. ನಂಜುಂಡಪ್ಪನವರು ಅದನ್ನು ನೋಡಿ, ಆಹಾ, ಎಂಥ ಹುಲಿ ಎನ್ನಬೇಕು. ಅಂದು ನಾನು ಬಿರುಗಾಳಿಯಂತೆಯೇ ನುಗ್ಗಿದೆ. ನಿಧಾನವಾಗಿ ಹೋದರೆ ಕಾಲು ಹಿಂದಕ್ಕೆ ಬರುತ್ತಿತ್ತು. ಅಕ್ಕಪಕ್ಕ ನೋಡಲಿಲ್ಲ. ಮೂಲೆಯಲ್ಲಿ ವಲ್ಲಿ ಹೊದ್ದವನೊಬ್ಬ ಬೆನ್ನು ಮಾಡಿಕೊಂಡು ಕೂತಿದ್ದ. ಬಂಡೆಯನ್ನು ನೆನೆದುಕೊಂಡು ಕಣ್ಣುಮುಚ್ಚಿ, ಮೇಜನ್ನು ಗುದ್ದಿ, "ಏಳಯ್ಯಾ ಮೇಲೆ! ಯಾರ ಜಾಗ ಅಂತ ಕೂತಿದ್ದೀಯ? ಮಹಾಲಿಂಗಪ್ಪ ಅಂದರೆ ಏನಂತ ತಿಳಿದಿದ್ದೀಯ?" ಎಂದು ಅರಚಿದೆ. ವಲ್ಲಿಯವನು ಎದ್ದ. ಲೋಟ ಕೆಳಗಿಟ್ಟು, ಮುಖ ತಿರುಗಿಸಿಕೊಂಡು ಹೊರಗೆ ನಡೆದ. ನಾನು ಗೆದ್ದವನಂತೆ ಕೂತು, ಅವನು ಬಿಟ್ಟುಹೋದ ಕಾಫಿಯನ್ನೇ ಕುಡಿಯಲು ಹೊರಟಿದ್ದೆ. ಅಷ್ಟರಲ್ಲಿ ಒಳಗಡೆಯಿಂದ ಓಬಳೇಶನ ಗಾಡಿಯವನು ಬೋಂಡ ಅಗಿಯುತ್ತಾ ಬಂದು, "ಸಾಮೀ, ಈಗ್ಲೇ ಬಂದ್ಬುಟ್ರಾ? ನಾನಿನ್ನೂ ಕೂತೇ ಇಲ್ವಲ್ಲ!" ಎಂದ.

ನಾನು ಲೋಟ ಕೆಳಗಿಟ್ಟೆ. ಹೊರಗಿನಿಂದ ಓಡಿಬಂದ ಓಬಳೇಶನ ಮುಖ ನೋಡಿದ ಮೇಲೆ ಕೇಳುವುದು ಏನೂ ಉಳಿಯಲಿಲ್ಲ. "ಅಯ್ಯೋ ನಾಯನಾ, ಎಬ್ಬಿಸಿದ್ದು ನಿಮ್ ಮಾವನ್ನೇ!" ಎಂದು ತಲೆಯ ಮೇಲೆ ಕೈಹೊತ್ತುಕೊಂಡ. ಬಾಗಿಲ ಬೆಂಚಿಗೆ ಬಿಸಿಲು ಬೀಳುತ್ತದೆಂದು ನಂಜುಂಡಪ್ಪನವರು ಮೂಲೆಗೆ ಬಂದಿದ್ದರಂತೆ. ನಾನು ಮನೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದೆ. ಆ ಕಣ್ಣುಗಳನ್ನು ಇನ್ನು ಕಾಣುವುದಿಲ್ಲವಲ್ಲ ಎಂದು ಅಳು ಬಂತು. ಅವ್ವ ಏನಾಯಿತೆಂದು ಕೇಳಿದರೆ ತಲೆನೋವು ಎಂದೆ. ಅವಳು ಶುಂಠಿ ಅರೆದು ಹಣೆಗೆ ಹಚ್ಚಿದಳು. ಈಗ ತಲೆಯೂ ಉರಿಯತೊಡಗಿತು.

ಮಿಡಿಗೇಶಿಗೆ ಮರಳುತ್ತಿದ್ದ ಗಾಡಿಯಲ್ಲಿ ಅದೇ ಹೊತ್ತಿನಲ್ಲಿ ಏನು ನಡೆಯುತ್ತಿತ್ತು ಎಂಬುದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ನಂಜುಂಡಪ್ಪನವರಿಗೆ ಆನಂದ ತಡೆಯಲಾಗುತ್ತಿರಲಿಲ್ಲವಂತೆ. "ನನ್ನೇ ಎಬ್ಬುಸ್ಬುಟ್ಟ ಕಣಕ್ಕಾ! ಹುಟ್ಟಿದಾಗ್ಲಿಂದ ನನ್ನ ಒಬ್ನೂ ಏಳು ಅಂದಿರ್ಲಿಲ್ಲ. ಹುಲಿ ಅಂದ್ರೆ ಹುಲಿ!" ಎಂದು ಗಾಡಿಯ ಕಮಾನಿಗೆ ಗುದ್ದುತ್ತಿದ್ದರಂತೆ. ಆದರೆ ಗಾಡಿಯಲ್ಲಿ ಸಿದ್ದಮ್ಮನವರೂ ಇದ್ದರು. ಅವರು ಅಷ್ಟು ಹೊತ್ತೂ ನಮ್ಮ ಬೀದಿಯ ಬಾವಿಕಟ್ಟೆಯ ಮೇಲೆ ಕೂತು ನೀರು ಕುಡಿದು ಬಂದಿದ್ದರು. ಅವರಿಗೆ ಬೇಕಾಗಿದ್ದುದು ಹಸು. ಅವರ ಗಂಡ ಭಾರಿ ಹುಲಿಯಾಗಿದ್ದವರು. ಸಾರಿಗೆ ಉಪ್ಪು ಕಡಿಮೆಯಾದರೆ ಊಟದ ತಣಿಗೆ ಅಂಗಳಕ್ಕೆ ಹಾರುತ್ತಿತ್ತು. ಆ ಬಾಳು ತಮ್ಮ ಗಿರಿಜೆಗೆ ಬೇಡವೆಂದು ಅವರ ಹಟ. ಬಾವಿಕಟ್ಟೆಯಲ್ಲಿ ನಮ್ಮ ಬೀದಿಯ ಹೆಂಗಸರು ಅವರಿಗೆ ಬೆಲ್ಲದಂಥ ಸುದ್ದಿ ಕೊಟ್ಟಿದ್ದರು: ಅವ್ವನ ಮಂಡಿನೋವಿಗೆ ಮೇಷ್ಟ್ರೇ ನೀರು ಸೇದುತ್ತಾರೆ, ಹೆಂಗಸರ ಜೊತೆ ಕೂತು ಅವರೆಕಾಯಿ ಬಿಡಿಸುತ್ತಾರೆ, ಬೆಕ್ಕು ಮರಿ ಹಾಕಿತೆಂದು ತಮ್ಮ ಹಾಸಿಗೆಯನ್ನು ಅದಕ್ಕೆ ಬಿಟ್ಟುಕೊಟ್ಟು ನೆಲದ ಮೇಲೆ ಮಲಗುತ್ತಾರೆ. ಸಿದ್ದಮ್ಮನವರು ಇದನ್ನೆಲ್ಲ ಹೇಳಿ, "ಅಪ್ಪಟ ಹಸ ಕಣೋ" ಎಂದರೆ ನಂಜುಂಡಪ್ಪನವರು ಗಾಡಿ ನಿಲ್ಲಿಸಿಯೇ ಬಿಟ್ಟರಂತೆ. "ಯಾವನ್ನೋ ವಿಚಾರುಸ್ಕಂಡ್ ಬಂದಿದೀಯ ನೀನು!" "ನೀನೇ ಯಾವನ್ತಾವ್ಲೋ ಉಗುಸ್ಕಂಡ್ ಬಂದಿದೀಯ!" ಅಕ್ಕ ತಮ್ಮ ಮಿಡಿಗೇಶಿ ಮುಟ್ಟುವವರೆಗೂ ಜಗಳವಾಡಿ, ಕೊನೆಗೆ ಇಬ್ಬರಿಗೂ ಒಪ್ಪಿಗೆಯಾಗುವ ಒಂದೇ ತೀರ್ಮಾನಕ್ಕೆ ಬಂದರು. ಮಧುಗಿರಿಯಲ್ಲಿ ಮಹಾಲಿಂಗಪ್ಪ ಎಂಬ ಮೇಷ್ಟ್ರು ಇಬ್ಬರಿದ್ದಾರೆ, ಒಬ್ಬ ಹುಲಿ, ಒಬ್ಬ ಹಸು. ತಾವು ನೋಡಿದ ಹುಡುಗ ಇವರಲ್ಲಿ ಯಾರು ಎಂಬುದಷ್ಟೇ ಈಗ ತಿಳಿಯಬೇಕಾದದ್ದು.

ಅದನ್ನು ತಿಳಿಯಲು ಮುಂದಿನ ವಾರ ಅವರು ಹೇಳದೆ ಕೇಳದೆ ನಮ್ಮ ಮನೆಯ ಮುಂದೆ ಗಾಡಿ ನಿಲ್ಲಿಸಿದರು. ಬಳೆ ತೊಡಿಸಬೇಕೆಂದು ಗಿರಿಜೆಯನ್ನೂ ಪೇಟೆಗೆ ಕರೆತಂದಿದ್ದರು. ಅವಳು ಗಾಡಿಯಲ್ಲೇ ಉಳಿದಳು. ನಾನು ಆಗ ನಡುಮನೆಯಲ್ಲಿ ಅವ್ವನ ಎದುರಿಗೆ ಕೂತು, ಮೊರದ ತುಂಬ ಅವರೆಕಾಯಿ ಬಿಡಿಸುತ್ತಿದ್ದೆ. ಬಾಗಿಲಲ್ಲಿ ನಂಜುಂಡಪ್ಪನವರನ್ನು ಕಂಡದ್ದೇ ತಡ, ಗದರಿಸಿಕೊಂಡವರೇ ಹುಡುಕಿಕೊಂಡು ಬಂದಿದ್ದಾರೆ, ಹುಲಿ ಮೆಚ್ಚಿಗೆಯಾಗಿರಬೇಕು ಎಂದು ನೆಗೆದು ನಿಂತು, ಮೀಸೆಯ ಮೇಲೆ ಕೈಯಿಟ್ಟೆ. ಸಿದ್ದಮ್ಮನವರ ಪರಿಚಯ ನನಗಿತ್ತು, ಅವರ ಹಟದ ಪರಿಚಯ ಇರಲಿಲ್ಲ. "ಯಾರಲ್ಲಿ! ಚಾಪೆ ಹಾಸು!" ಎಂದು ಗುಡುಗಿದೆ. ಮನೆಯಲ್ಲಿ ಅವ್ವನನ್ನು ಬಿಟ್ಟು ಇನ್ನಾರೂ ಇರಲಿಲ್ಲ. ಅವ್ವ ನನಗೆ ಏನೋ ಮೆಟ್ಟಿಕೊಂಡಿದೆ ಎಂಬಂತೆ ನೋಡಿದಳು. ನಂಜುಂಡಪ್ಪನವರ ಮುಖ ಅರಳಿತು. "ನೋಡ್ದಾ ಅಕ್ಕಾ? ಇವ್ನೇ!" ಎಂದರು. ಸಿದ್ದಮ್ಮನವರು ಎದೆಯ ಮೇಲೆ ಕೈಯಿಟ್ಟು, "ಅಯ್ಯೋ ಶಿವ್ನೇ, ಹೆತ್ತವ್ಳ ಮೇಲೆ ಇಂಗ್ ಕೂಗ್ತಾನಲ್ಲೋ! ಬಾವಿತಾವ ಹೇಳಿದ್ದು ಇವನ್ನಲ್ಲ. ನಡಿ ಹೋಗಾನ" ಎಂದು ಹಿಂದಕ್ಕೆ ತಿರುಗಿದರು.

ಹೋಗುತ್ತಾರಲ್ಲಾ! ಓಡಿಹೋಗಿ ಅವರಿಗೆ ಅಡ್ಡ ನಿಂತು, "ಅಮ್ಮಾ, ಬಿಸಿಲಲ್ಲಿ ಬಂದಿದ್ದೀರಿ. ಕೂತುಕೊಳ್ಳಿ, ಮಜ್ಜಿಗೆ ತರುತ್ತೇನೆ" ಎಂದು ನಾನೇ ಚಾಪೆ ಬಿಡಿಸಿ ಹಾಸಿದೆ. ಸಿದ್ದಮ್ಮನವರ ಕಣ್ಣು ತುಂಬಿ ಬಂತು. "ಇವ್ನೇ ಕಣೋ! ಇದೇ ಹಸ! ಅವ್ವಂಗ್ ನೀರ್ ಸೇದೋನು, ಬೆಕ್ಕಿಗ್ ಹಾಸ್ಗೆ ಬುಟ್ಟೋನು!" ನಂಜುಂಡಪ್ಪನವರ ಮುಖ ಇಳಿಯಿತು. "ಏ, ಇವನಲ್ಲ ಕಣಕ್ಕ! ಎದ್ದೇಳು!" ನಾನು ಮತ್ತೆ ಮೀಸೆಗೆ ಕೈಹಾಕಿದೆ. ತಮ್ಮ ಕೂತರು. ಅಕ್ಕ ಎದ್ದರು. ನಾನು ಮಜ್ಜಿಗೆಯ ಚೊಂಬು ಹಿಡಿದೆ. ಅಕ್ಕ ಕೂತರು. ತಮ್ಮ ಎದ್ದರು. ಒಂದು ಕೈ ಮೀಸೆಯ ಮೇಲೆ, ಇನ್ನೊಂದು ಕೈಯಲ್ಲಿ ಮಜ್ಜಿಗೆ, ಹೀಗೆ ನಡುಮನೆಯಲ್ಲಿ ನಾನು ಅತ್ತ ಇತ್ತ ಓಡಾಡುತ್ತಿರುವಾಗ ನಂಜುಂಡಪ್ಪನವರು ಸಹನೆ ಕಳೆದುಕೊಂಡು, "ಮೇಷ್ಟ್ರೇ, ನಿಜ ಹೇಳಿ. ಮಾಲಿಂಗಪ್ಪ ಅನ್ನೋ ಮೇಷ್ಟ್ರು ಈ ಊರಾಗೆ ಇನ್ನೊಬ್ಬರವ್ರಾ?" ಎಂದು ಕೇಳಿದರು.

ಇದ್ದಾರೆ ಎಂದುಬಿಡಲೇ ಎಂದು ಒಂದು ಕ್ಷಣ ಆಸೆಯಾಯಿತು. ಆದರೆ ಅವರೆಕಾಯಿಯ ಸಿಪ್ಪೆಯ ನಡುವೆ ನಿಂತು, ಅವ್ವನ ಗಾಬರಿಯ ಮುಖ ನೋಡುತ್ತಾ, ನನಗೆ ಸಾಕಾಗಿಹೋಯಿತು. "ಇಲ್ಲ ಯಜಮಾನರೇ, ನಾನೊಬ್ಬನೇ" ಎಂದೆ. "ಕಾಫಿ ಕ್ಲಬ್ಬಿನಲ್ಲಿ ಗದರಿದವನೂ ನಾನೇ. ಅದು ಬಂಡೆಯ ಮುಂದೆ ನಿಂತು ಉರು ಹೊಡೆದ ಪಾಠ. ಗದರಿ ಬಂದ ಮೇಲೆ ನನಗೆ ಅನ್ನ ಸೇರಲಿಲ್ಲ. ನಾನು ಹುಲಿಯಲ್ಲ. ಹಾಗೆಂದು ಅಮ್ಮನವರು ಹೇಳುವ ಹಸುವೂ ಅಲ್ಲ. ನೀರು ಸೇದುವಾಗ ಎಷ್ಟೋ ಸಲ ಗೊಣಗುತ್ತೇನೆ. ಆ ಬೆಕ್ಕನ್ನು ಎತ್ತಿ ಆಚೆ ಹಾಕಲು ಹೋಗಿದ್ದೆ, ಪರಚಿತು, ಅದಕ್ಕೇ ಹಾಸಿಗೆ ಬಿಟ್ಟೆ. ನಿಮ್ಮ ಮಗಳನ್ನು ಕಂಡಾಗಿನಿಂದ ನನಗೆ ಬೇರೆ ಯಾರೂ ಬೇಡ ಎನಿಸಿಬಿಟ್ಟಿದೆ. ಆ ಆಸೆಗೆ ಈ ವೇಷ ಹಾಕಿದೆ. ಇನ್ನು ನಿಮ್ಮಿಷ್ಟ." ಇಷ್ಟು ಹೇಳಿ ಮಜ್ಜಿಗೆಯ ಚೊಂಬನ್ನು ಯಾರ ಕೈಗೆ ಕೊಡಬೇಕೆಂದು ತಿಳಿಯದೆ ನಾನೇ ಕುಡಿದುಬಿಟ್ಟೆ.

ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರಿಗೂ ಬೇಕಾದ ಗಂಡು ಇಲ್ಲಿರಲಿಲ್ಲ. ನಂಜುಂಡಪ್ಪನವರು ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡರು. ಮುಗಿಯಿತು ಎಂದುಕೊಂಡೆ. ಆಗ ಬಾಗಿಲ ಕಡೆಯಿಂದ ಬಳೆಗಳ ಸದ್ದಾಯಿತು. ಗಿರಿಜೆ ಯಾವಾಗ ಗಾಡಿಯಿಂದ ಇಳಿದು ಬಂದಿದ್ದಳೋ, ಬಾಗಿಲುವಾಡ ಹಿಡಿದು ನಿಂತಿದ್ದಳು. "ಅಪ್ಪಯ್ಯ, ಒಂದ್ ಮಾತು" ಎಂದಳು. "ಹುಲಿ ನಮ್ಮನೇಲೇ ಐತೆ, ದಿನಾ ಬೆಳಗಾದ್ರೆ ಗರ್ಜನೆ ಕೇಳ್ತೀನಿ. ಹಸ ಕೊಟ್ಟಿಗೆ ತುಂಬ ಅವೆ, ದಿನಾ ಸಗಣಿ ಬಾಚ್ತೀನಿ. ಇನ್ನೊಂದ್ ಪ್ರಾಣಿ ಯಾಕೆ ನಂಗೆ? ಒಬ್ಬ ಮನುಷ್ಯ ಸಿಕ್ಕವ್ನೆ. ಸಾಕು."

ಮೊದಲು ನಕ್ಕವರು ಸಿದ್ದಮ್ಮನವರು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಮೈಯೆಲ್ಲ ಕುಲುಕಿಸಿ ನಕ್ಕರು. ಅವ್ವನಿಗೂ ನಗು ಹತ್ತಿತು. ನಂಜುಂಡಪ್ಪನವರು ಮಾತ್ರ "ಹುಲಿ ಅಂದಿದ್ದು ಯಾರ್ನೇ? ನನ್ನಾ?" ಎಂದು ಗರ್ಜಿಸಿ, ಗರ್ಜಿಸಿದ ಮೇಲೆ ತಮಗೇ ಹೊಳೆದು, ತಲೆ ಕೆರೆದುಕೊಂಡು ಚಾಪೆಯ ಮೇಲೆ ಕೂತುಬಿಟ್ಟರು. ಅಂದೇ ತಾಂಬೂಲ ಬದಲಾಯಿಸಿದೆವು. ಮಾಘದಲ್ಲಿ ಮದುವೆಯಾಯಿತು. ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ತಾಳಿ ಕಟ್ಟುವಾಗ ಯಾರು ಏನೆಂದರೋ ನಾನು ಕೇಳಿಸಿಕೊಳ್ಳಲೇ ಇಲ್ಲ.

ಇದಾದ ಮೇಲೆ ನಾನು ಗಂಡಸರಿಗೆ ಹೆಸರಿಡುವವರ ಕಡು ವೈರಿಯಾದೆ. ಹೋದ ಹೋದಲ್ಲಿ ಭಾಷಣ ಮಾಡುತ್ತಿದ್ದೆ. ಮನುಷ್ಯನನ್ನು ಮನುಷ್ಯ ಎನ್ನಿ, ಅದಕ್ಕಿಂತ ದೊಡ್ಡ ಹೆಸರಿಲ್ಲ ಎನ್ನುತ್ತಿದ್ದೆ. ಹೀಗಿರುವಾಗ ಓಬಳೇಶನಿಗೆ ತೋವಿನಕೆರೆಯ ಕಡೆಯಿಂದ ಒಂದು ಸಂಬಂಧ ಬಂತು. ಹೆಣ್ಣು ಅವನಿಗೆ ಮೆಚ್ಚಿಗೆಯಾಗಿತ್ತು. ಹುಡುಗಿಯ ತಂದೆ ವಿಚಾರಿಸಲು ಬಂದವರು ಕಾಫಿ ಕ್ಲಬ್ಬಿನಲ್ಲಿ ನನ್ನ ಪಕ್ಕದಲ್ಲಿಯೇ ಕೂತು, "ಡ್ರಾಯಿಂಗ್ ಮೇಷ್ಟ್ರು ಹೆಂಗೆ ಸ್ವಾಮಿ?" ಎಂದು ಕೇಳಿದರು. ನನಗೆ ಇದಕ್ಕಿಂತ ಸುಸಂಧಿ ಬೇಕೇ? ಎದೆತುಂಬಿ, "ಒಬ್ಬ ಮನುಷ್ಯ ಸ್ವಾಮಿ" ಎಂದೆ. ಅವರು ಇನ್ನೂ ಏನಾದರೂ ಹೇಳುತ್ತೇನೆಂದು ಕಾದರು. ನಾನು ಹೇಳಲಿಲ್ಲ. ಹೇಳುವುದು ಇನ್ನೇನಿದೆ? ಅವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದರು. ಎರಡು ದಿನದಲ್ಲಿ ತೋವಿನಕೆರೆಯಿಂದ ಬಂದವರ ಬಾಯಲ್ಲಿ ಸಂಬಂಧ ಬೇಡವೆಂದು ಹೇಳಿಕಳಿಸಿದರು. ಜೊತೆಯ ಸ್ನೇಹಿತನಿಗೇ ಹೇಳಲು ಬೇರೆ ಒಳ್ಳೆಯ ಮಾತು ಸಿಗದೆ ಮನುಷ್ಯ ಎನ್ನಬೇಕಾಯಿತು ಎಂದಮೇಲೆ, ಹುಡುಗನಲ್ಲಿ ಭಾರಿ ಐಬೇ ಇರಬೇಕು ಎಂದು ಅವರ ತರ್ಕ.

ಓಬಳೇಶ ನಮ್ಮ ಜಗಲಿಗೆ ಬಂದು ಕೂತು, ಕನ್ನಡ ಪೂರ್ತಿ ಮರೆತು ತೆಲುಗಿನಲ್ಲಿಯೇ ನನ್ನನ್ನು ಬೈದ. ನಾನು ನನ್ನ ತತ್ವವನ್ನು ವಿವರಿಸಲು ಹೋದೆ. ಒಳಗಿನಿಂದ ಗಿರಿಜೆ ಬಂದಳು. ಆ ಮಾತನ್ನು ನನಗೆ ಕಲಿಸಿದವಳು ಅವಳೇ ತಾನೇ, ನನ್ನ ಪರ ನಿಲ್ಲುತ್ತಾಳೆ ಎಂದುಕೊಂಡೆ. "ಅಲ್ರೀ, ನಿಮ್ಗೇನಾಗಿತ್ತು? ಸುಮ್ನೆ ಹುಲಿ ಅನ್ನಕಾಗ್ತಿರ್ಲಿಲ್ವಾ?" ಎಂದಳು. "ನಾನು ಕಣ್ಣಾರೆ ನೋಡಿ ಹೇಳ್ದೆ. ಅವ್ರು ನೋಡೇ ಇಲ್ವಲ್ಲ. ಪಾಪ, ಆ ಹುಡ್ಗಿ ಅಲ್ಲಿ ಏನ್ ಅಂದ್ಕಂಡು ಕೂತವ್ಳೋ. ನಾಳೆ ಮೊದ್ಲನೇ ಬಸ್ಸಿಗ್ ಹೋಗಿ, ಸರಿ ಮಾಡ್ಕಂಡೇ ಬನ್ನಿ." ಅವಳು ಹೀಗೆ ಹೇಳಿದ ಮೇಲೆ ಮಾತಿಲ್ಲ. ಕೊರಟಗೆರೆಯವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಮುಂದೆ ಗಾಡಿ ಸಿಗದೆ, ಉರಿಬಿಸಿಲಿನಲ್ಲಿ ಧೂಳು ತುಳಿಯುತ್ತಾ ತೋವಿನಕೆರೆಗೆ ನಡೆದೆ.

ಹುಡುಗಿಯ ತಂದೆ ಕಣದಲ್ಲಿ ರಾಗಿ ತೂರಿಸುತ್ತಿದ್ದರು. ನಾನು ಬೆವರು ಒರೆಸಿಕೊಂಡು, ಅಂದು ಹೇಳಿದ್ದು ತಮಾಷೆಗೆಂದೂ, ಓಬಳೇಶನಂಥ ಹುಲಿಯನ್ನು ಪಾವಗಡದಿಂದ ಶಿರಾದವರೆಗೆ ಹುಡುಕಿದರೂ ಕಾಣಲಾಗದೆಂದೂ, ಅವನು ಯಾರ ಮಾತಿಗೂ ಬಗ್ಗುವವನಲ್ಲವೆಂದೂ ಆಣೆಯಿಟ್ಟು ಹೇಳಿದೆ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಸ್ನೇಹಿತನ ಮಾನ ಉಳಿಸಲು ಇಷ್ಟು ದೂರ ಬಿಸಿಲಲ್ಲಿ ನಡೆದುಬಂದವನು ಸಾಮಾನ್ಯನಲ್ಲ ಎನಿಸಿರಬೇಕು. ಮುಖ ಸಡಿಲವಾಯಿತು. ಹತ್ತಿರ ಸರಿದು, ದನಿ ತಗ್ಗಿಸಿ ಕೇಳಿದರು: "ನಿಜ ಹೇಳಿ ಮೇಷ್ಟ್ರೇ. ಮದ್ವೆ ಆದ್ಮೇಲೆ ಹೆಂಡ್ತಿ ಹೇಳ್ದಂಗೆ ಕುಣಿಯೋ ಪೈಕಿ ಅಲ್ಲ ತಾನೆ?"

ಹೆಂಡತಿ ಹೇಳಿದಳೆಂದು ಬೆಳಗಿನ ಮೊದಲನೆಯ ಬಸ್ಸು ಹತ್ತಿದವನು, ಕಾಲಿನ ಬೊಬ್ಬೆಗಳನ್ನು ಪಂಚೆಯಲ್ಲಿ ಮರೆಮಾಡಿಕೊಂಡು, ನೆಟ್ಟಗೆ ನಿಂತೆ.

"ಛೆ ಛೆ, ಎಲ್ಲಾದರೂ ಉಂಟೇ ಸ್ವಾಮಿ?" ಎಂದೆ. "ಥೇಟ್ ನನ್ನ ಹಾಗೇ!"